ಮಡಿವಾಳ ಒಗೆಯದ ಅಂಗಿ

"ಕೇಳ್ರಪ್ಪೋ ಕೇಳ್ರಿ! ಕೊತ್ವಾಲರ ಪಹರೆಯವರ ಮೇಲೆ ದೂರು ತರುವವರು ಅರಸರ ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ನ್ಯಾಯ, ತಪ್ಪಿದರೆ ತಲೆದಂಡ!"

ಡಂಗುರ ಕೇಳಿದ್ದೇ ತಡ, ಧವಳಪುರದಲ್ಲಿ ಏಟು ತಿಂದ ಬಹುತೇಕರು ಬಾಯಿಗೆ ಬೀಗ ಹಾಕಿಕೊಂಡರು. ಮಡಿವಾಳರ ಮಾಚ ಮಾತ್ರ ಗಂಟೊಂದನ್ನು ಹೊತ್ತು ಅರಮನೆಗೆ ಹೊರಟ. ಕಳ್ಳತನದ ಸುಳ್ಳು ಹೊರಿಸಿ ಅವನ ಅಪ್ಪ ಕೆಂಚಯ್ಯನನ್ನು ಪಹರೆಯವರು ಹಣ್ಣುಗಾಯಿ ನೀರುಗಾಯಿ ಮಾಡಿದ್ದರು.

ಅವನಿಗಿಂತ ಮುಂಚೆ ಇಬ್ಬರು ಧೈರ್ಯ ಮಾಡಿ ಬಂದು ನಿಂತಿದ್ದರು.

"ಬಾಯಿಲ್ಲದೆ ನಡೆದದ್ದನ್ನು ಹೇಳುತ್ತದೆ, ತಡಮಾಡಿದರೆ ಮೂಕವಾಗುತ್ತದೆ. ಏನದು?" ಎಂದು ಅರಸ ಕೇಳಿದ.

ಪಹರೆಯವರಿಂದ ಕಾಲು ಮುರಿಸಿಕೊಂಡಿದ್ದ ಶಾಸ್ತ್ರಿಗಳು "ಶಾಸನ" ಎಂದರು. ಅಂಗಡಿ ಕಳೆದುಕೊಂಡಿದ್ದ ಶೆಟ್ಟರು "ದೀಪ" ಎಂದರು. ಇಬ್ಬರ ಕೈಗೂ ಕೋಳ ಬಿತ್ತು. ಕೊತ್ವಾಲ ಮೀಸೆ ತಿರುವಿದ.

"ಗಾಯ, ದೊರೆಗಳೇ" ಎಂದ ಮಾಚ. "ಮಾಯ್ದುಬಿಟ್ರೆ ಯಾರು ನಂಬ್ತಾರೆ? ಅದಕ್ಕೇ ಅವತ್ತೇ ವೈದ್ಯರನ್ನ ಕರೆಸಿ, ಬೆನ್ನ ಮೇಲಿನ ಹನ್ನೊಂದು ಬಾಸುಂಡೆ ಓಲೆಯಲ್ಲಿ ಬರೆಸಿಟ್ಟಿದ್ದೀನಿ."

"ತೊಳೆದರೆ ಸುಳ್ಳು ಗೆಲ್ಲುತ್ತದೆ, ತೊಳೆಯದಿದ್ದರೆ ನಿಜ ಉಳಿಯುತ್ತದೆ. ಏನದು?"

ಮಾಚ ಗಂಟು ಬಿಚ್ಚಿದ. "ಅಪ್ಪನ ಅಂಗಿ ಮೇಲಿನ ರಕ್ತ. ಕೊಳೆಬಟ್ಟೆ ಇಟ್ಕೊಂಡು ಕುಲದ ಮಾನ ಕಳೀತೀಯಾ ಅಂತ ಅವ್ವ ಬೈದ್ರೂ ನಾನು ಒಗೀಲಿಲ್ಲ. ಇದು ಹೊಡೆದವನ ನಡುಪಟ್ಟಿ ಚೂರು, ಬೀಳುವಾಗ ಅಪ್ಪನ ಕೈಗೆ ಸಿಕ್ಕಿದ್ದು. ಮೂಲೇಲಿ ಮೂರು ಚುಕ್ಕಿ, ಒಂದು ಗೀಟು. ಬಟ್ಟೆ ಅದಲುಬದಲಾಗದ ಹಾಗೆ ಒಬ್ಬೊಬ್ಬರಿಗೂ ಒಂದೊಂದು ಗುರುತು ಹಾಕೋರು ನಾವೇ ಅಲ್ವಾ? ಈ ಗುರುತು ಕೊತ್ವಾಲರ ಭಾವಮೈದನದು."

ತಾವು ಹೊಡೆಯುತ್ತಿರುವುದು ತಮ್ಮ ಬಟ್ಟೆ ಒಗೆಯುವವನನ್ನೇ ಎಂಬುದು ಆ ವೀರರಿಗೆ ಹೊಳೆದಿರಲಿಲ್ಲ, ಪಾಪ! ಕೊತ್ವಾಲನ ಮೀಸೆ ಇಳಿಯಿತು.

ಅರಸನ ದನಿ ಗಡುಸಾಯಿತು. "ಕೋಲಿನ ಒಂದು ತುದಿ ಹಿಡಿದವನು ಸಿಕ್ಕಿದ. ಕಾಣದ ಹಾಗೆ ಇನ್ನೊಂದು ತುದಿ ಹಿಡಿದವನು ಯಾರು?"

ಉತ್ತರ ಮಾಚನಿಗೆ ಗೊತ್ತಿತ್ತು. ಹೇಳಿದರೆ ತಲೆ ಉಳಿಯುವುದೋ ಇಲ್ಲವೋ ಗೊತ್ತಿರಲಿಲ್ಲ. ಆದರೂ ತಲೆ ಎತ್ತಿಯೇ ಹೇಳಿದ.

"ತಾವು. ಕೋಲು ಕೊಟ್ಟವರು ತಾವು. ಅದಕ್ಕೇ ಪರಿಹಾರ ತಮ್ಮ ಬೊಕ್ಕಸದಿಂದಲೇ ಬರಬೇಕು. ಕೊತ್ವಾಲರ ತಪ್ಪನ್ನ ಕೊತ್ವಾಲರೇ ವಿಚಾರಿಸಬಾರದು, ಹೊರಗಿನವರು ವಿಚಾರಿಸಬೇಕು."

ಅರಸ ಸಿಂಹಾಸನದಿಂದ ಎದ್ದು ನಿಂತ. "ಮೂರೂ ಸರಿ" ಎಂದ. ಶಾಸ್ತ್ರಿ, ಶೆಟ್ಟರ ಕೋಳ ಕಳಚಿತು. ಕೊತ್ವಾಲನೂ ಭಾವಮೈದನೂ ವಿಚಾರಣೆಗೆ ನಿಂತರು. "ನಿನಗೇನು ಬೇಕು, ಕೇಳು" ಎಂದ ಅರಸ.

"ನಮ್ಮ ಮನೆಗೆ ಬನ್ನಿ."

ಅರಸ ಮಡಿವಾಳರ ಕೇರಿಗೆ ನಡೆದೇ ಬಂದ. ಚಾಪೆಯ ಮೇಲಿದ್ದ ಕೆಂಚಯ್ಯ ಗಡಬಡಿಸಿ ಏಳಲು ಹೋದ, ಕೈ ಮುಗಿಯಲು ಹೋದ. ಮಾಚ ಅವನ ಎರಡೂ ಕೈ ಹಿಡಿದುಕೊಂಡ.

"ಇವತ್ತು ಕೈ ಮುಗಿಯೋದು ನೀನಲ್ಲಪ್ಪ."

ಅರಸ ಕೈ ಮುಗಿದ.