ಸ್ಕೂಟರ್ ಹುಡುಗಿಯ ಜೋಗುಳ

ಮೈಸೂರಿನಲ್ಲಿ ನರಹರಿ ಶಾಸ್ತ್ರಿಗಳೆಂಬ ಸಂಗೀತ ವಿದ್ವಾಂಸರಿದ್ದರು. ಕಂಠದಲ್ಲಿ ಜೇನು, ಮೂಗಿನ ತುದಿಯಲ್ಲಿ ಕೋಪ. ಅವರಿಗೆ ಮಕ್ಕಳಿರಲಿಲ್ಲ. ಶಿಷ್ಯ ಭಾರ್ಗವನನ್ನೇ ಮಗನೆಂದುಕೊಂಡು, ಬೈಯುವುದರಲ್ಲೂ ಉಣಿಸುವುದರಲ್ಲೂ ಕಡಿಮೆ ಮಾಡದೆ ಬೆಳೆಸಿದ್ದರು.

ಶಾಸ್ತ್ರಿಗಳ ತಾಯಿ ತೊಟ್ಟಿಲು ತೂಗುವಾಗ ಒಂದು ಜೋಗುಳ ಹಾಡುತ್ತಿದ್ದರು, ನೀಲಾಂಬರಿ ರಾಗದ್ದು. ಸಂಗೀತ ಬಲ್ಲವರು ನೀಲಾಂಬರಿಯನ್ನು ನಿದ್ದೆಯ ರಾಗ ಎನ್ನುತ್ತಾರೆ. ಆ ಜೋಗುಳವನ್ನು ಶಾಸ್ತ್ರಿಗಳು ಕಲಿಸಿದ್ದು ಭಾರ್ಗವನೊಬ್ಬನಿಗೇ.

ಭಾರ್ಗವ ದೊಡ್ಡವನಾಗಿ ಸಿನಿಮಾಗಳಿಗೆ ಸಂಗೀತ ಕೊಡತೊಡಗಿದ. ಒಮ್ಮೆ ಆ ಜೋಗುಳದ ಧಾಟಿಗೆ ಡ್ರಮ್ಮು ಸೇರಿಸಿ, ಕುದುರೆ ಓಟದ ವೇಗ ಕೊಟ್ಟು, "ಸ್ಕೂಟರ್ ಹುಡುಗೀ, ಸ್ವಲ್ಪ ನಿಲ್ಲೇ" ಎಂಬ ಮಾತು ಕೂರಿಸಿದ. ಹಾಡು ಹಿಟ್ಟಾಯಿತು. ಆಟೋದಲ್ಲಿ ಅದೇ, ಮದುವೆ ಛತ್ರದಲ್ಲಿ ಅದೇ, ಗಣೇಶನ ಪೆಂಡಾಲಿನಲ್ಲೂ ಅದೇ!

ಪಕ್ಕದ ಬೀದಿಯ ಛತ್ರದಿಂದ ಹಾಡು ಶಾಸ್ತ್ರಿಗಳ ಕಿವಿಗೂ ಬಿತ್ತು. ಮೊದಲ ಸಾಲಿಗೇ ಗುರುತು ಹತ್ತಿತು. ಎರಡನೆಯ ಸಾಲಿಗೆ ಕಿವಿ ಮುಚ್ಚಿಕೊಂಡರು.

"ನಿದ್ದೆ ಬರಿಸೋ ರಾಗದಲ್ಲಿ ಊರನ್ನೇ ಕುಣಿಸಿಬಿಟ್ಟನಲ್ಲೇ! ನನ್ನನ್ನ ಒಂದು ಮಾತು ಕೇಳಿದನಾ? ಅವನಿನ್ನು ನನ್ನ ಹೊಸ್ತಿಲು ತುಳಿಯಕೂಡದು."

"ಹಾಡು ಪೂರ್ತಿ ಕೇಳಿದ್ರಾ?" ಎಂದರು ಹೆಂಡತಿ ಸುಂದರಮ್ಮ.

"ಸಾರು ಹಳಸಿದೆ ಅಂತ ತಿಳಿಯೋಕೆ ಪಾತ್ರೆ ಪೂರ್ತಿ ಕುಡೀಬೇಕೇನೇ?"

ವಿಜಯದಶಮಿ ಬಂತು. ಅಂದು ಶಿಷ್ಯರೆಲ್ಲ ಹಣ್ಣು ಹೂವು ತಂದು, ಗುರುಗಳಿಗೆ ನಮಸ್ಕರಿಸಿ, ಹೊಸ ಪಾಠ ಹೇಳಿಸಿಕೊಳ್ಳುವುದು ಆ ಮನೆಯ ಪದ್ಧತಿ. ಭಾರ್ಗವನೂ ತಟ್ಟೆ ಹಿಡಿದು ಗೇಟಿನ ಹೊರಗೆ ನಿಂತ. ಶಾಸ್ತ್ರಿಗಳು ಕಿಟಕಿಯಿಂದ ನೋಡಿದರು, ಬಾ ಎನ್ನಲಿಲ್ಲ. ಹುಡುಗ ಕಾದು ಕಾದು ಹೊರಟುಹೋದ. ಸುಂದರಮ್ಮ ಅಂದು ಒಬ್ಬಟ್ಟು ಬಡಿಸಿದರು, ಮಾತು ಬಡಿಸಲಿಲ್ಲ. ಹಟ ಗೆದ್ದಿತು, ಆದರೆ ಶಾಸ್ತ್ರಿಗಳಿಗೆ ಮರುದಿನ ತಂಬೂರಿ ಮುಟ್ಟುವ ಮನಸ್ಸೂ ಬರಲಿಲ್ಲ. ಮನಸ್ಸು ಹಗುರವಾಗಲೆಂದು ನಂಜನಗೂಡಿಗೆ ಹೋಗಿ ದೇವರಿಗೆ ಕೈಮುಗಿದು, ಮೈಸೂರಿಗೆ ಹಿಂತಿರುಗುವ ಮಧ್ಯಾಹ್ನದ ಬಸ್ಸು ಹತ್ತಿದರು.

ಮುಂದಿನ ಸೀಟಿನಲ್ಲಿ ಒಂದು ಕೂಸು ಬಸ್ಸೇ ಕಿತ್ತುಹೋಗುವಂತೆ ಅಳುತ್ತಿತ್ತು. ಸಲಹೆಗಳಿಗೇನು ಬರ? "ಬಜೆ ತೇಯ್ದು ನೆಕ್ಕಿಸಮ್ಮ" ಎಂದರು ಒಬ್ಬರು. "ದೃಷ್ಟಿಯಾಗಿದೆ" ಎಂದರು ಇನ್ನೊಬ್ಬರು. ತಾಯಿ ಪಾಪ, ಬೆವೆತುಹೋಗಿದ್ದಳು. ಕೊನೆಗೆ ಮಗುವನ್ನು ಎದೆಗೊತ್ತಿಕೊಂಡು ಮೆಲ್ಲಗೆ ಹಾಡತೊಡಗಿದಳು.

"ಸ್ಕೂಟರ್ ಹುಡುಗೀ... ಸ್ವಲ್ಪ ನಿಲ್ಲೇ..."

ಶಾಸ್ತ್ರಿಗಳ ಕೈ ಕಿವಿಯತ್ತ ಹೋಯಿತು. ಅರ್ಧದಲ್ಲೇ ನಿಂತಿತು.

ತೂಗುವ ತೋಳಿನ ಲಯಕ್ಕೆ ಹಾಡು ನಿಧಾನವಾಗಿತ್ತು. ಡ್ರಮ್ಮಿಲ್ಲ, ಓಟವಿಲ್ಲ. ಉಳಿದದ್ದು ತಮ್ಮ ಅಮ್ಮನ ನೀಲಾಂಬರಿ, ಅದೇ ಎಳೆತ, ಅದೇ ಜೋಲಿ. ಭಾರ್ಗವ ವೇಗವನ್ನು ಬದಲಿಸಿದ್ದನೇ ಹೊರತು ಒಂದು ಸ್ವರವನ್ನೂ ಕೆಡಿಸಿರಲಿಲ್ಲ! ಮಗುವಿನ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಮಗು ಮಲಗಿತು.

ಶಾಸ್ತ್ರಿಗಳು ಮುಂದೆ ಬಾಗಿ ಕೇಳಿದರು. "ತಾಯೀ, ನಿನಗೆ ನೀಲಾಂಬರಿ ಹೇಳಿಕೊಟ್ಟವರು ಯಾರಮ್ಮ?"

"ಯಾರು ತಾತ ನೀಲಾಂಬರಿ? ಆ ಹೆಸರಿನೋರು ನಮ್ಮ ಬೀದೀಲಿ ಯಾರೂ ಇಲ್ವಲ್ಲ. ಇದು ಸಿನಿಮಾ ಹಾಡು. ಇದನ್ನ ಹಾಡಿದ್ರೆ ಮಾತ್ರ ನನ್ನ ಮಗ ಮಲಗ್ತಾನೆ, ಯಾಕೋ ಗೊತ್ತಿಲ್ಲ."

ಶಾಸ್ತ್ರಿಗಳು ಆ ಜೋಗುಳವನ್ನು ಎಷ್ಟೋ ಸಭೆಗಳಲ್ಲಿ ಹಾಡಿದ್ದರು. ಅದಕ್ಕೆ ನಿದ್ದೆ ಹೋದವರೆಂದರೆ ಹಿಂದಿನ ಸಾಲಿನ ರಸಿಕರು ಮಾತ್ರ. ಅದನ್ನು ಕೇಳುತ್ತ ಒಂದು ಕೂಸು ಮಲಗಿದ್ದನ್ನು ಅವರು ಕಂಡದ್ದು ಇದೇ ಮೊದಲು. ಮುದುಕರ ಕಣ್ಣು ತುಂಬಿತು. ಮಗನಂಥವನನ್ನು ಬಿಸಿಲಲ್ಲಿ ನಿಲ್ಲಿಸಿ ಕಳಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

ಬಸ್ಸಿಳಿದವರು ಮನೆಗೆ ಹೋಗಲಿಲ್ಲ. ಸೀದಾ ಭಾರ್ಗವನ ಮನೆಗೆ ಹೋಗಿ ಬಾಗಿಲು ತಟ್ಟಿದರು. ಭಾರ್ಗವನೇ ಬಂದು ಬಾಗಿಲು ತೆರೆದ.

"ನನ್ನ ಹೊಸ್ತಿಲು ನೀನು ತುಳಿಯಕೂಡದು ಅಂದಿದ್ದೆ. ಆಡಿದ ಮಾತು ತಪ್ಪೋನಲ್ಲ ನಾನು. ಅದಕ್ಕೇ ನಿನ್ನ ಹೊಸ್ತಿಲು ನಾನೇ ತುಳಿದೆ," ಎಂದರು ಶಾಸ್ತ್ರಿಗಳು.

ಭಾರ್ಗವ ಕಾಲಿಗೆ ಬಿದ್ದ. "ನಿಮ್ಮನ್ನ ಕೇಳದೇ ಮಾಡಿದ್ದು ತಪ್ಪು ಗುರುಗಳೇ."

"ತಪ್ಪೇ. ಆದರೆ ಕೇಳಿದ್ದರೆ ನಾನು ಬೇಡ ಅಂತಿದ್ದೆ. ಅದು ನನ್ನ ತಪ್ಪಾಗ್ತಿತ್ತು." ಅವರು ಬಸ್ಸಿನ ಕಥೆಯನ್ನೆಲ್ಲ ಹೇಳಿ, ಅವನ ತಲೆಯ ಮೇಲೆ ಕೈಯಿಟ್ಟರು. "ನಿನ್ನ ಹಾಡಿನ ಮಾತು ನನಗೆ ಈಗಲೂ ಹಿಡಿಸಿಲ್ಲ. ಆದರೆ ನಮ್ಮಮ್ಮನ ಜೋಗುಳವನ್ನ ಮತ್ತೆ ಒಂದು ಮಗುವಿಗೆ ಮುಟ್ಟಿಸಿದೆಯಲ್ಲೋ. ಇಷ್ಟು ವರ್ಷ ಹಾಡಿದರೂ ನನ್ನ ಕೈಲಿ ಅದು ಆಗಿರಲಿಲ್ಲ ಕಣೋ."

ನೀತಿ: ಕಲಿಸಿದ ಮೇಲೆ ವಿದ್ಯೆ ಕಲಿತವರದ್ದೂ ಹೌದು. ಅದು ನಮಗೆ ಹಿಡಿಸದ ವೇಷ ತೊಟ್ಟಿತೆಂದು ಬಾಗಿಲು ಹಾಕಿಕೊಳ್ಳಬಾರದು. ಬೈಯುವ ಮುನ್ನ ಒಮ್ಮೆ ಪೂರ್ತಿ ಕೇಳಬೇಕು.