ಕೂರಿಗೆಯ ಮುಂದೆ ಸಲಾಕೆ

ತಾಳಿದವನು ಬಾಳಿಯಾನು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮಠದ ಗುರುಪಾದಜ್ಜನವರ ತಾಳ್ಮೆ ಮುಗಿದು ಮೂರು ದಿನವಾಗಿತ್ತು. ಅದಕ್ಕೆ ಕಾರಣ ಅವರ ಶಿಷ್ಯ ಲಗಮಣ್ಣ.

ಲಗಮಣ್ಣ ಒಕ್ಕಲುತನದ ಮನೆಯವನು. ಹದಿನೆಂಟು ವರ್ಷ ಸೈನ್ಯದಲ್ಲಿದ್ದು, ಒಂದು ಯುದ್ಧ ಕಂಡು ಬಂದವನು. ಅಲ್ಲಿ ಅವನ ಕೆಲಸ ಶತ್ರು ಹೂತಿಟ್ಟ ನೆಲಬಾಂಬು ಹುಡುಕುವುದು. ಊರಿಗೆ ಮರಳಿದ ಮೇಲೆ ಹೊಲಕ್ಕೆ ಕಾಲಿಡಲಾರದೆ ಹೋದ. ಅವನಣ್ಣ ಒಂದು ವರ್ಷ ನೋಡಿ, ಕೈಸೋತು, ಹೊಳೆದಂಡೆಯ ಅಜ್ಜನವರ ಮಠಕ್ಕೆ ತಂದು ಬಿಟ್ಟಿದ್ದ.

ಹಿಂಗಾರಿ ಮಳೆ ಬಿದ್ದು ಮಠದ ಕಪ್ಪು ಮಣ್ಣಿನ ಎರೆಹೊಲ ಹದಕ್ಕೆ ಬಂದಿತ್ತು. ಜೋಳ ಬಿತ್ತು ಎಂದು ಅಜ್ಜನವರು ಎತ್ತು, ಬಿತ್ತುವ ಕೂರಿಗೆ ಎರಡನ್ನೂ ಅವನಿಗೊಪ್ಪಿಸಿದ್ದರು.

ನಾಲ್ಕನೆಯ ದಿನವೂ ಎತ್ತುಗಳು ಬದುವಿನಲ್ಲಿ ಮೆಲುಕು ಹಾಕುತ್ತಿದ್ದವು. ಬೀಜ ಬಿಡಲು ಬಂದ ಹೆಂಗಸರು ಬೇಸತ್ತು ಮನೆಗೆ ಹೋಗಿದ್ದರು. ಲಗಮಣ್ಣ ಮೊಣಕಾಲೂರಿ, ಕಬ್ಬಿಣದ ಸಲಾಕೆಯಿಂದ ನೆಲವನ್ನು ಗೇಣುಗೇಣಿಗೂ ಚುಚ್ಚಿ ನೋಡುತ್ತಿದ್ದ.

“ಇವತ್ತೇನ್ ಸಿಕ್ತಪಾ?” ಅಜ್ಜನವರು ಕೇಳಿದರು.

“ಎರಡ್ ಕಲ್ಲು ಸಿಕ್ಕಾವ್ರೀ.”

“ನಮ್ಮ ಗುರುಗಳ ಗುರುಗಳ ಕಾಲದಿಂದ ಇಲ್ಲಿ ಜೋಳಾ ಬೆಳೀತೈತಿ. ಯಾವ ಪುಣ್ಯಾತ್ಮ ಬಂದು ಬಾಂಬ್ ಹೂತಾನ?”

“ಇಲ್ಲಂತ ನನಗೂ ಗೊತ್ತೈತ್ರೀ ಅಜ್ಜಾರ. ಆದ್ರೂ...”

ನಾಲ್ಕು ದಿನದಿಂದ ಇದೇ ‘ಆದ್ರೂ’. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

“ಇನ್ನೆರಡ ದಿನಕ್ಕ ಹದಾ ಆರತೈತಿ! ಎರಿ ಬಿರುಕು ಬಿಟ್ಟಮ್ಯಾಲ ಏನ್ ಬಿತ್ತಾಂವಾ? ನಿನ್ನ ಸಲಾಕಿ ಬಿತ್ತತೀ?”

ಅಜ್ಜನವರ ದನಿ ಹೊಳೆಯ ಆಚೆ ದಂಡೆಗೂ ಕೇಳಿಸಿತು. ಲಗಮಣ್ಣ ತಲೆ ಎತ್ತಲಿಲ್ಲ.

“ಸೈನ್ಯದಾಗ ಪರಶ್ಯಾ ಅಂತ ಗೆಳೆಯಾ ಇದ್ದನ್ರೀ. ನಾ ನೆಲಾ ನೋಡಿ, ‘ಏನೂ ಇಲ್ಲ, ನಡಿ’ ಅಂದೆ. ಅಂವಾ ನಡದಾ.”

ಅಜ್ಜನವರ ಸಿಟ್ಟು ಅರ್ಧಕ್ಕೆ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಹದ ಆರುತ್ತಲೇ ಇತ್ತಲ್ಲ. ಅವರು ಪಾದುಕೆ ಕಳಚಿ, ಸಲಾಕೆ ಮುಟ್ಟದ ನೆಲದ ಅಂಚಿಗೆ ಬಂದು ನಿಂತರು.

“ನನಗ ನಡಿ ಅನ್ನು.”

“ನಾ ಒಲ್ಲೆರೀ.”

“ನೀ ಅನ್ನೂ ತನಕ ನಾ ಇಲ್ಲಿಂದ ಅಲಗೂದಿಲ್ಲ.”

ಬಿಸಿಲೇರಿತು. ಅಜ್ಜನವರಿಗೆ ಮೊಣಕಾಲು ನೋವು, ಬಾಯಾರಿಕೆ, ಮೇಲಾಗಿ ಪ್ರಸಾದದ ಹೊತ್ತು ಮೀರುತ್ತಿತ್ತು. ಇಂಥ ಶಿಷ್ಯನನ್ನು ಗಂಟುಹಾಕಿದ ದೇವರನ್ನೂ ಮನಸ್ಸಿನಲ್ಲೇ ಬೈದುಕೊಂಡರು. ಲಗಮಣ್ಣನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

ಕಡೆಗೆ ಮುದುಕರ ಕಾಲು ನಡುಗುವುದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡು ಅಂದ:

“ನಡೀರಿ.”

ಅಜ್ಜನವರು ನಡೆದರು. ಮೂರನೆಯ ಹೆಜ್ಜೆಗೆ “ಅಯ್ಯಯ್ಯೋ!” ಎಂದು ಕುಸಿದು ಕೂತರು.

ಲಗಮಣ್ಣ ಚೀರುತ್ತ ಓಡಿದ. ಸಲಾಕೆ ಎಲ್ಲಿ ಬಿತ್ತೆಂದು ಅವನಿಗೇ ತಿಳಿಯಲಿಲ್ಲ. ಅಜ್ಜನವರ ಅಂಗಾಲಿನಲ್ಲಿ ಜಾಲಿಮುಳ್ಳು ನೆಟ್ಟಿತ್ತು, ರಕ್ತ ಒಸರುತ್ತಿತ್ತು.

“ನಾ ಒಲ್ಲೆ ಅನ್ನಲಿಲ್ಲೇನ್ರೀ! ನಾ ನಡಿ ಅಂದ್ರ ಹಿಂಗ ಆಗತೈತಿ!” ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅವನು ಮಗುವಿನ ಹಾಗೆ ಅತ್ತ.

ಅಜ್ಜನವರು ಹಲ್ಲು ಕಚ್ಚಿ ಮುಳ್ಳನ್ನು ತಾವೇ ಕಿತ್ತು ಬದುವಿನಾಚೆ ಎಸೆದರು. ಅವನ ಹೆಗಲು ಹಿಡಿದು ಎದ್ದು ನಿಂತರು.

“ಚುಚ್ಚಿತು. ಚುಚ್ಚೂದಿಲ್ಲ ಅಂತ ನಾ ಯಾವಾಗ ಅಂದಿದ್ದೆ? ಹದಾ ಆರಾಕತ್ತೈತಿ, ಇನ್ನೊಮ್ಮಿ ನಡಿ ಅನ್ನು.”