ಕೆರೆ ಉಳಿಸುವ ಪೋಸ್ಟರು

“ಗುರುಗಳೇ, ನನ್ನ ಮಾತನ್ನು ಜನ ಬಾಯಿತುಂಬ ಹೊಗಳುತ್ತಾರೆ. ಆದರೆ ಒಬ್ಬರೂ ಅದರಂತೆ ನಡೆಯುವುದಿಲ್ಲ. ತಪ್ಪು ನನ್ನದೋ, ಅವರದೋ?” ಎಂದು ಶಿಷ್ಯ ಚೆನ್ನವೀರ ಕೇಳಿದ. ಊರೂರು ಸುತ್ತಿ ಉಪದೇಶ ಮಾಡಿ ಆಗಷ್ಟೇ ಮಠಕ್ಕೆ ಮರಳಿದ್ದ. ಹೂಮಾಲೆಯ ಕಲೆ ಇನ್ನೂ ಅವನ ಅಂಗಿಯ ಮೇಲಿತ್ತು.

ಗುರುಗಳು ಆ ಕಲೆ ನೋಡಿ ನಕ್ಕರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಪೋಸ್ಟರು ಮಾಡುವ ಕಲಾವಿದನೊಬ್ಬನಿದ್ದ. ಚೌಕಟ್ಟಿಗೆ ತೆಳು ಬಟ್ಟೆ ಬಿಗಿದು, ಮೇಲಿಂದ ಬಣ್ಣ ಎಳೆದು, ಒಂದೊಂದು ಹಾಳೆಯನ್ನೂ ಕೈಯಾರೆ ಅಚ್ಚು ಹಾಕುತ್ತಿದ್ದ. ಆ ಊರಿನ ಕೆರೆಯನ್ನು ಮುಚ್ಚಿ ಬಸ್ ನಿಲ್ದಾಣ ಕಟ್ಟಬೇಕೆಂದು ಪುರಸಭೆಯವರು ಹೊರಟರು. ಅದೇ ಕೆರೆಯಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಮಡಿವಾಳರಿಗೆ ದಿಕ್ಕು ತೋಚಲಿಲ್ಲ. ಊರೆಲ್ಲ ಬಂದು ದಂಡೆಯ ಮೇಲೆ ನಿಂತರೆ ಪುರಸಭೆ ಹಿಂಜರಿದೀತು ಎಂದುಕೊಂಡರು. ಅವರಲ್ಲಿ ಒಬ್ಬ ಮುದುಕಿ ಕಲಾವಿದನ ಬಳಿಗೆ ಬಂದಳು.

“ಸೋಮವಾರ ಬೆಳಗ್ಗೆ ಕೆರೆ ಹತ್ರ ಬನ್ನಿ ಅಂತ ದಪ್ಪಗೆ ಬರೀಪ್ಪಾ. ಅಷ್ಟೇ ಸಾಕು,” ಎಂದಳು.

ಅಷ್ಟೇ ಸಾಕೆಂದರೆ ಕಲಾವಿದರು ಕೇಳುತ್ತಾರೆಯೇ? ಅವನು ಊಟ ಬಿಟ್ಟು ಕೂತು ಚಿತ್ರ ಬರೆದ. ಬಂಡೆಗೆ ಒಗೆಯಲು ಬಟ್ಟೆ ಎತ್ತಿದ ಹೆಂಗಸು, ಸುತ್ತ ನೀಲಿ ನೀರು. ನಿಜಕ್ಕೂ ಸೊಗಸಾಗಿತ್ತು. ಆದರೆ ಕೆಳಗೆ ಬರೆದ ವಾರ, ಹೊತ್ತು, ಜಾಗ ಅವನ ಕಣ್ಣಿಗೆ ಚುಚ್ಚಿದವು. ಅಕ್ಷರ ಸಣ್ಣದು ಮಾಡಿದ. ಇನ್ನೂ ಚುಚ್ಚಿದವು. ಕೊನೆಗೆ ಮೂಲೆಗೆ ತಳ್ಳಿ, ನೀಲಿಯ ಮೇಲೆ ನೀಲಿಯಲ್ಲೇ ಅಚ್ಚು ಹಾಕಿದ. ಈಗ ಅವನ ಮನಸ್ಸಿಗೆ ಸಮಾಧಾನವಾಯಿತು.

ಬೆಳಗ್ಗೆ ಗೋಡೆಗೆ ಅಂಟಿಸಿದ ಪೋಸ್ಟರುಗಳು ಮಧ್ಯಾಹ್ನಕ್ಕೆ ಇರಲಿಲ್ಲ. ಕೆರೆ ಮುಚ್ಚಿಸುವವರ ಕೆಲಸವೇ ಇದು ಎಂದು ಸಿಟ್ಟಿನಿಂದ ಹುಡುಕಿಕೊಂಡು ಹೊರಟ. ಒಂದು ಪೋಸ್ಟರು ಕ್ಷೌರದಂಗಡಿಯ ಕನ್ನಡಿಯ ಪಕ್ಕ ಸಿಕ್ಕಿತು. ಇನ್ನೊಂದಕ್ಕೆ ಮೇಷ್ಟರು ಗಾಜು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದರು. ಅಂಟು ಒಣಗುವ ಮೊದಲೇ ಜನ ಜೋಪಾನವಾಗಿ ಬಿಡಿಸಿಕೊಂಡು ಮನೆಗೆ ಒಯ್ದಿದ್ದರು. ಹೋದಲ್ಲೆಲ್ಲ ಕಾಫಿ ಕೊಟ್ಟು ಹೊಗಳಿದರು. ಅವನ ಎದೆ ಉಬ್ಬಿತು. ಮತ್ತಷ್ಟು ಅಚ್ಚು ಹಾಕಿ ಅಂಟಿಸಿದ. ಅವೂ ಮನೆ ಸೇರಿದವು.

ಸೋಮವಾರ ಕೆರೆಯ ದಂಡೆಯಲ್ಲಿ ಮಡಿವಾಳರಿದ್ದರು, ಅವನಿದ್ದ. ಬೇರೆ ಯಾರೂ ಬರಲಿಲ್ಲ.

“ಜನ ಎಲ್ಲಪ್ಪಾ?” ಎಂದು ಮುದುಕಿ ಕೇಳಿದಳು.

ಅವನಿಗೆ ಏನೂ ಅರ್ಥವಾಗಲಿಲ್ಲ. ಊರಿಗೆಲ್ಲ ತನ್ನ ಪೋಸ್ಟರು ಬೇಕು, ಕೆರೆಗೆ ಮಾತ್ರ ಯಾರೂ ಇಲ್ಲ. ಕ್ಷೌರದಂಗಡಿಗೆ ಓಡಿ ವಿಚಾರಿಸಿದರೆ, ಅದರಲ್ಲಿ ಬರಹವೂ ಇತ್ತೇ ಎಂದು ಅಂಗಡಿಯವನು ಕನ್ನಡಕ ಹುಡುಕಿದ. ತಾನು ಗೆದ್ದೆನೋ ಸೋತೆನೋ ತಿಳಿಯದೆ ಕಲಾವಿದ ರಸ್ತೆಯಲ್ಲಿ ಕಕ್ಕಾಬಿಕ್ಕಿಯಾಗಿ ನಿಂತ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಚೆನ್ನವೀರನಿಗೂ ಗೊಂದಲವಾಯಿತು. ಅಂಥ ಚಿತ್ರ ಬರೆದದ್ದು ತಪ್ಪೆನ್ನಲು ಅವನಿಗೆ ಮನಸ್ಸು ಬರಲಿಲ್ಲ. ಚಿತ್ರವನ್ನು ಹಾಗೇ ಇಟ್ಟು ಅಕ್ಷರ ದಪ್ಪ ಮಾಡಿದ್ದರೆ ಸಾಕಿತ್ತಲ್ಲವೇ ಎಂದು ಕೇಳಿದ. ಮುಂದೆ ಆ ಕಲಾವಿದ ಒಳ್ಳೆಯ ಪೋಸ್ಟರು ಮಾಡಿದನೇ, ಹೆಸರು ಗಳಿಸಿದನೇ ಎಂದೂ ಕೇಳಿದ.

ಗುರುಗಳು ಹೇಳಿದರು: “ಕೆರೆ ಏನಾಯಿತೆಂದು ನೀನೂ ಕೇಳಲಿಲ್ಲ.”